ರಾತ್ರಿ ಹೊತ್ತು ಆಪರೇಷನ್ ಅಂದರೆ ಜೊತೆಗಿರುವವರು ಏನು ಮಾಡಬೇಕು

ಮಂಗಳೂರಿನ ನಮ್ಮ ಕುಲಶೇಖರದಲ್ಲಿ ಯಾರಿಗೆ ಹೊಟ್ಟೆನೋವು ಜೋರಾದರೂ ನನಗೊಂದು ಫೋನ್ ಬರುತ್ತದೆ. "ಸಿಸ್ಟರ್, ಅಪೆಂಡಿಕ್ಸ್ ಅಂತೆ, ಈಗಲೇ ಆಪರೇಷನ್ ಅಂತೆ, ಏನು ಮಾಡೋದು?" ನಾನು ನಿವೃತ್ತಿಯಾಗಿ ಒಂಬತ್ತು ವರ್ಷವಾಯಿತು. ಆದರೂ ಇಲ್ಲಿಯವರಿಗೆ ಸಿಸ್ಟರೇ. ಮಂಗಳೂರಿನ ಬೇರೆ ಬೇರೆ ಆಸ್ಪತ್ರೆಗಳ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, 36 ವರ್ಷ ನಿಂತವಳು ನಾನು. ಡಾಕ್ಟರರ ಕೈಗೆ ಕತ್ತರಿ ಕೊಟ್ಟಿದ್ದೇನೆ, ಗಾಜ್ ಬಟ್ಟೆ ಎಣಿಸಿದ್ದೇನೆ, ಬಾಗಿಲಾಚೆ ಕಾಯುತ್ತಿದ್ದವರಿಗೆ ಬೈದೂ ಇದ್ದೇನೆ. ಬೈದದ್ದಕ್ಕೆ ಈಗ ಸ್ವಲ್ಪ ಬೇಜಾರಿದೆ. ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಲ್ವಾ?

ಕೊಯ್ಯುವುದು, ಹೊಲಿಯುವುದು ಡಾಕ್ಟರರಿಗೆ ಬಿಟ್ಟದ್ದು. ಮನೆಯವರ ಕೈಯಲ್ಲಿರುವುದು ಎರಡು. ಯಾವುದು ಎಷ್ಟು ಗಂಟೆಗೆ ಆಯಿತು ಅಂತ ಬರೆದಿಡುವುದು. ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಓಟಿಯಲ್ಲಿ ನಾನು ಕಂಡ ಗಾಬರಿಗಳಲ್ಲಿ ಎಷ್ಟೋ ಈ ಎರಡು ತಪ್ಪಿದ್ದರಿಂದಲೇ ಬಂದವು. ಹೊಟ್ಟೆಯ ತುರ್ತು ಆಪರೇಷನ್‌ಗಳಲ್ಲಿ ಅಪೆಂಡಿಕ್ಸ್‌ನದ್ದೇ ಜಾಸ್ತಿ, ಅದಕ್ಕೆ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಅಪೆಂಡಿಕ್ಸ್ ಅಂದರೆ ದೊಡ್ಡ ಕರುಳಿಗೆ ಅಂಟಿಕೊಂಡ ಸಣ್ಣ ಬಾಲದಂಥ ನಳಿಗೆ, ಅದು ಊದಿಕೊಳ್ಳುವುದೇ ಈ ಕಾಯಿಲೆ.

ಮೊದಲು ಒಂದು ಚೀಟಿ

ಕ್ಯಾಲೆಂಡರಿನ ಹಿಂಬದಿಯಾದರೂ ಸಾಕು. ಮೊಬೈಲಿನಲ್ಲಿ ಬರೆದುಕೊಳ್ಳುತ್ತೇನೆ ಅನ್ನಬೇಡಿ. ಬ್ಯಾಟರಿ ಮುಗಿಯುತ್ತದೆ, ಇಲ್ಲ ಫೋನು ಭಾವನ ಹತ್ತಿರ ಇರುತ್ತದೆ, ಭಾವ ಕೆಳಗೆ ಬೈಕ್ ಹತ್ತಿರ ಇರುತ್ತಾನೆ. ಚೀಟಿಯಾದರೆ ಡ್ಯೂಟಿ ಡಾಕ್ಟರ ಕೈಗೇ ಕೊಡಬಹುದು.

ಹೋದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಅಪ್ಪನಿಗಾಗಿ ಬರೆದ ಚೀಟಿ ಹೀಗಿತ್ತು: "ಸಂಜೆ 4, ಹೊಕ್ಕುಳ ಸುತ್ತ ನೋವು. 6, ಊಟ ಬೇಡ ಅಂದರು. 7, ಒಂದು ವಾಂತಿ. 9, ಅರ್ಧ ಲೋಟ ಜೀರಿಗೆ ನೀರು. 11, ನೋವು ಬಲಗಡೆ ಕೆಳಗೆ. ಕೆಮ್ಮಿದರೆ ಜಾಸ್ತಿ. ಬಿಪಿ ಮಾತ್ರೆ ಬೆಳಿಗ್ಗೆ ತಗೊಂಡಿದ್ದಾರೆ, ಶುಗರ್ ಇಲ್ಲ." ಆರೇಳು ಸಾಲು. ಅಪೆಂಡಿಕ್ಸ್ ನೋವು ನಡೆಯುವ ದಾರಿ ಪೂರ್ತಿ ಅದರಲ್ಲಿದೆ. ಹೊಕ್ಕುಳ ಹತ್ತಿರ ಶುರುವಾಗಿ, ಕೆಲವು ಗಂಟೆಗಳ ನಂತರ ಬಲಗಡೆ ಕೆಳಗೆ ಇಳಿದು ಅಲ್ಲೇ ಕೂರುತ್ತದೆ. ಹಸಿವು ಸಾಯುತ್ತದೆ. ಆಮೇಲೆ ವಾಂತಿ, ಸಣ್ಣ ಜ್ವರ. ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ. ಮಕ್ಕಳಲ್ಲಿ, ಮುದುಕರಲ್ಲಿ, ಬಸುರಿಯರಲ್ಲಿ ಬೇರೆ ತರ ಕಾಣಬಹುದು.

ಹೆಂಗಸರಾದರೆ ಕೊನೆಯ ಬಾರಿ ಮುಟ್ಟಾದ ತಾರೀಕನ್ನೂ ಬರೆಯಿರಿ. ಅತ್ತೆ ಎದುರು ಹೇಳಲು ಸಂಕೋಚ ಇರುತ್ತದೆ, ಗೊತ್ತು. ಚೀಟಿಯಲ್ಲಿ ಬರೆದರೆ ಬಾಯಿ ಬಿಡಬೇಕಾಗಿಲ್ಲ. ಗರ್ಭ ಚೀಲದೊಳಗೆ ಕೂರದೆ ನಾಳದಲ್ಲೇ ನಿಂತು ಒಡೆದರೂ ಹೊಟ್ಟೆ ಇದೇ ತರ ನೋಯಬಹುದು. ಅಲ್ಲಿ ಗಂಟೆಗಳಲ್ಲ, ನಿಮಿಷಗಳ ಲೆಕ್ಕ.

ಮನೆಯಲ್ಲಿ ಮಾಡಬಾರದ್ದು

1971ರ ಜುಲೈ. ನನ್ನ ತಮ್ಮನಿಗೆ 11 ವರ್ಷ. ಮಳೆ ಹೊಯ್ಯುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಮುದುಡಿ ಮಲಗಿದ್ದ. ಅಜ್ಜಿ ತುಳುವಿನಲ್ಲಿ "ಬಂಜಿ ಬೇನೆ", ಹೊಟ್ಟೆನೋವು, ಅಂದರು, ಅಷ್ಟೇ ಅವರ ರೋಗ ಪರೀಕ್ಷೆ. ಹೊಟ್ಟೆನೋವು ಅಂದರೆ ಹೊಟ್ಟೆ ಕಟ್ಟಿದೆ, ಹೊಟ್ಟೆ ಕಟ್ಟಿದೆ ಅಂದರೆ ಔಡಲೆಣ್ಣೆ. ಮೂಗು ಹಿಡಿದು ಎರಡು ಚಮಚ ಕುಡಿಸಿದರು. ರಾತ್ರಿಯಿಡೀ ನರಳಿದ. ಬೆಳಗಿನ ಜಾವ ಇದ್ದಕ್ಕಿದ್ದ ಹಾಗೆ ನೋವು ಕಡಿಮೆಯಾಯಿತು ಅಂದ. ಅಜ್ಜಿ ದೇವರ ಮುಂದೆ ದೀಪ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಮೈ ಕೆಂಡ, ಹೊಟ್ಟೆ ಹಲಗೆಯ ಹಾಗೆ ಗಟ್ಟಿ. ಅಪೆಂಡಿಕ್ಸ್ ಒಡೆದಿತ್ತು. ಬದುಕಿದ. ಹೊಟ್ಟೆಯಲ್ಲಿ ರಬ್ಬರ್ ನಳಿಗೆ ಹಾಕಿಸಿಕೊಂಡು ಒಂದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದ. ಅದನ್ನು ನೋಡಿಯೇ ನಾನು ನರ್ಸ್ ಆದೆ ಅಂದರೆ ಕೇಳಲು ಚಂದ, ಆದರೆ ಸುಳ್ಳಾಗುತ್ತದೆ. ಟ್ರೈನಿಂಗಿನಲ್ಲೇ ಊಟ ಮತ್ತು ಸ್ಟೈಪೆಂಡ್ ಸಿಗುತ್ತದೆ ಅಂತ ಸೇರಿದ್ದು.

ಹಾಗಾಗಿ ಭೇದಿಗೆ ಏನನ್ನೂ ಕೊಡಬೇಡಿ. ಎನಿಮಾ ಬೇಡ. ಬಿಸಿನೀರಿನ ಚೀಲ ಇಡಬೇಡಿ, ಹೊಟ್ಟೆ ತಿಕ್ಕಬೇಡಿ. ಜೋರಾಗಿದ್ದ ನೋವು ಏಕಾಏಕಿ ನಿಂತರೆ ಸಮಾಧಾನ ಪಡಬೇಡಿ, ಆಟೋ ಕರೆಯಿರಿ. ನೋವಿನ ಮಾತ್ರೆ ಕೊಟ್ಟರೆ ಕಾಯಿಲೆ ಮುಚ್ಚಿಹೋಗುತ್ತದೆ ಅಂತ ನಮ್ಮ ಕಾಲದಲ್ಲಿ ಆಸ್ಪತ್ರೆಯಲ್ಲೂ ಕೊಡುತ್ತಿರಲಿಲ್ಲ. ಈಗ ಡಾಕ್ಟರರು ಹೊಟ್ಟೆ ನೋಡಿ ತಾವೇ ಕೊಡುತ್ತಾರೆ. ಮನೆಯಲ್ಲಿ ನೀವಾಗಿ ಕೊಡಬೇಡಿ. ಕೊಟ್ಟಾಗಿದ್ದರೆ ಚೀಟಿಯಲ್ಲಿ ಬರೆಯಿರಿ.

ಇನ್ನು ಬಾಯಿ. ಆಸ್ಪತ್ರೆಗೆ ಹೊರಡಬೇಕು ಅಂತ ಅನಿಸಿದ ಕ್ಷಣದಿಂದ ಅನ್ನ, ಚಾ, ಹಾಲು, ಬೊಂಡ (ಎಳನೀರು), ಎಲ್ಲವೂ ಬಂದ್. ಮೊದಲೇ ದಿನ ಗೊತ್ತಾದ ಆಪರೇಷನ್‌ಗೆ ಊಟ ಆಗಿ ಕನಿಷ್ಠ 6 ಗಂಟೆ, ಬರೀ ನೀರು ಕುಡಿದು 2 ಗಂಟೆ ಕಳೆದಿರಬೇಕು ಅಂತ ಲೆಕ್ಕ. ತುರ್ತಿನಲ್ಲಿ ಅಷ್ಟು ಕಾಯಲು ಆಗದೆ ಇರಬಹುದು. ನೋವಿರುವ ಹೊಟ್ಟೆ ಬೇಗ ಖಾಲಿಯೂ ಆಗುವುದಿಲ್ಲ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಆಪರೇಷನ್‌ಗಿಂತ ಅದೇ ದೊಡ್ಡ ಕಾಯಿಲೆಯಾಗುತ್ತದೆ. ತುಟಿ ಒಣಗಿದರೆ ಒದ್ದೆ ಬಟ್ಟೆಯಿಂದ ಒರೆಸಿ, ಅಷ್ಟು ಸಾಕು.

ಒಬ್ಬರ ಕತೆ ಹೇಳಲೇಬೇಕು. ಯಾವ ಆಸ್ಪತ್ರೆ ಅಂತ ಕೇಳಬೇಡಿ. ಟೇಬಲ್ ಮೇಲೆ ಮಲಗಿದ್ದರು, ನಲವತ್ತರ ಆಸುಪಾಸಿನ ಗಂಡಸು. "ಏನಾದರೂ ತಿಂದಿದ್ದೀರಾ?" ಅಂತ ಅನಸ್ತೇಸಿಯಾ ಡಾಕ್ಟರು ಕೇಳಿದರು. "ಬೆಳಿಗ್ಗೆಯಿಂದ ಒಂದು ತೊಟ್ಟು ನೀರೂ ಇಲ್ಲ ಡಾಕ್ಟ್ರೇ." ನಾನು ತಲೆಯ ಹತ್ತಿರ ಬಗ್ಗಿ ಟೋಪಿ ಕಟ್ಟುತ್ತಿದ್ದೆ. ಮೀಸೆಯಲ್ಲಿ ಒಂದು ಚೂರು ಕೊಬ್ಬರಿ ಚಟ್ನಿ. ಬಾಯಿಂದ ಹಸಿಮೆಣಸಿನ ವಾಸನೆ. "ಗೋಳಿಬಜೆ ಎಲ್ಲಿ ತಿಂದ್ರಿ ಮಾರಾಯ್ರೆ?" ಅಂದೆ. ಎರಡು ಸೆಕೆಂಡು ಸುಮ್ಮನಿದ್ದು, "ಬಸ್‌ಸ್ಟ್ಯಾಂಡ್ ಹತ್ತಿರ, ನಾಲ್ಕೇ ನಾಲ್ಕು" ಅಂದರು. ಅಡ್ಮಿಟ್ ಆದ ಮೇಲೆ ಎಕ್ಸ್‌ರೇಗೆ ಅಂತ ಹೋದವರು ಹಾಗೇ ಹೊರಗೆ ಹೋಗಿ ತಿಂದು ಬಂದಿದ್ದರು. ಹೆಂಡತಿಗೆ ಗೊತ್ತಿತ್ತು. ಹೇಳಿದರೆ ಆಪರೇಷನ್ ಮುಂದೆ ಹೋಗುತ್ತದೆ ಅಂತ ಹೇಳಿರಲಿಲ್ಲ. ಡಾಕ್ಟರು ಬೈಯಲಿಲ್ಲ. ಅರಿವಳಿಕೆ ಕೊಡುವ ವಿಧಾನವನ್ನೇ ಬದಲಾಯಿಸಿದರು. ಗೊತ್ತಾದರೆ ದಾರಿ ಇರುತ್ತದೆ, ನೋಡಿ.

ಹಳೇ ಆಸ್ಪತ್ರೆಯಲ್ಲಿ ದಾರಿ ಹುಡುಕುವುದು

ನಮ್ಮ ಕಡೆಯ ದೊಡ್ಡ ಆಸ್ಪತ್ರೆಗಳಲ್ಲಿ ಕೆಲವು ಬ್ರಿಟಿಷರ ಕಾಲದವು. ಹಂಪನಕಟ್ಟೆಯ ವೆನ್ಲಾಕ್ 1848ರದ್ದು. ಹೆಸರು ಮಾತ್ರ ಆಮೇಲಿನದು. ಲಾರ್ಡ್ ವೆನ್ಲಾಕ್ ಮದರಾಸಿಗೆ ಗವರ್ನರ್ ಆಗಿದ್ದದ್ದು 1891ರಿಂದ 1896ರವರೆಗೆ. ನಾವು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದೆವಲ್ಲ. ಹೆರಿಗೆಗೆ ಹೋಗುವ ಲೇಡಿಗೋಷನ್ ಕೂಡ ಹಾಗೇ, 1920ರ ದಶಕದಲ್ಲಿ ಗವರ್ನರ್ ಆಗಿದ್ದ ಗೋಷನ್ ಅವರ ಹೆಂಡತಿಯ ಹೆಸರು. ಕಂಕನಾಡಿಯಲ್ಲಿ ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧಿ ಕೊಡಲು ಶುರುಮಾಡಿದ್ದೇ ಇವತ್ತಿನ ಫಾದರ್ ಮುಲ್ಲರ್ಸ್. ಉಡುಪಿಯ ಮಿಷನ್ ಆಸ್ಪತ್ರೆಯನ್ನು ಸ್ವಿಸ್ ಡಾಕ್ಟರ್ ಇವಾ ಲೊಂಬಾರ್ಡ್ ಶುರುಮಾಡಿದ್ದು 1923ರಲ್ಲಿ.

ಇದನ್ನೆಲ್ಲ ಸುಮ್ನೆ ಹೇಳುತ್ತಿಲ್ಲ. ನೂರು, ನೂರೈವತ್ತು ವರ್ಷ ಬೆಳೆದ ಆಸ್ಪತ್ರೆ ಒಂದೇ ಸಲ ಕಟ್ಟಿದ ಮಾಲ್‌ನ ಹಾಗಿರುವುದಿಲ್ಲ. ಬೇಕಾದಾಗೆಲ್ಲ ಒಂದೊಂದು ಕಟ್ಟಡ ಸೇರಿಸಿರುತ್ತಾರೆ. ವಾರ್ಡ್ ಒಂದು ಕಡೆ, ಲ್ಯಾಬ್ ಇನ್ನೊಂದು ಕಡೆ, ರಕ್ತ ಬೇಕೆಂದರೆ ಮತ್ತೊಂದು ಗೇಟು. ಹಳೇ ವಾರ್ಡುಗಳ ಎತ್ತರದ ಮಾಡು, ಉದ್ದ ಜಗಲಿ, ದೊಡ್ಡ ಕಿಟಕಿಗಳಿಗೂ ಕಾರಣವಿದೆ. ಕೆಟ್ಟ ಗಾಳಿಯಿಂದಲೇ ಕಾಯಿಲೆ ಹರಡುತ್ತದೆ ಅಂತ ಆಗ ನಂಬಿದ್ದರು, ಅದಕ್ಕೆ ಗಾಳಿ ಆಡುವ ಹಾಗೆ ಕಟ್ಟುತ್ತಿದ್ದರು. ಕಾರಣ ತಪ್ಪು, ಕಿಟಕಿ ಸರಿ. ಈಗ ಏಸಿ ರೂಮಿನಲ್ಲಿ ಉಸಿರು ಕಟ್ಟಿದಾಗ ನನಗೆ ಆ ಜಗಲಿಗಳು ನೆನಪಾಗುತ್ತವೆ.

ಹೋದ ಕೂಡಲೇ ಮಾಡಬೇಕಾದ್ದು ಇಷ್ಟು. ಇಬ್ಬರು ಹೋಗಿ, ಐವರು ಬೇಡ. ಒಬ್ಬರು ರೋಗಿಯ ಹಾಸಿಗೆ ಬಿಡಬಾರದು. ಇನ್ನೊಬ್ಬರು ಓಡಾಡುವವರು. ಆ ಓಡಾಡುವವರು ಕೈಯಲ್ಲಿ ರಕ್ತದ ಬಾಟಲಿ ಹಿಡಿದು ದಾರಿ ಕೇಳುತ್ತಾ ಅಲೆಯುವ ಮುಂಚೆ, ಲ್ಯಾಬ್, ಸ್ಕ್ಯಾನಿಂಗ್, ರಾತ್ರಿ ತೆರೆದಿರುವ ಔಷಧಿ ಅಂಗಡಿ, ಬಿಲ್ ಕೌಂಟರ್ ಎಲ್ಲಿವೆ ಅಂತ ಒಂದು ಸುತ್ತು ನೋಡಿ ಬರಲಿ. ಹತ್ತು ನಿಮಿಷದ ಕೆಲಸ. ಆಂಬ್ಯುಲೆನ್ಸ್ ಬೇಕಾದರೆ 108.

ಕಾಗದ ಪತ್ರದಲ್ಲಿ ಆಧಾರ್, ರೇಷನ್ ಕಾರ್ಡ್, ಹಳೆಯ ರಿಪೋರ್ಟು ಇರಲಿ. ದಿನಾ ತಿನ್ನುವ ಮಾತ್ರೆಗಳ ಸ್ಟ್ರಿಪ್ ಇದ್ದ ಹಾಗೇ ತನ್ನಿ. "ಒಂದು ಬಿಳಿ, ಒಂದು ಗುಲಾಬಿ" ಅಂದರೆ ನಮಗೆ ಏನು ಗೊತ್ತಾಗಬೇಕು? ಮುಖ್ಯವಾಗಿ ರಕ್ತ ತೆಳು ಮಾಡುವ ಮಾತ್ರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ತಿನ್ನುತ್ತಿರುತ್ತಾರೆ, ಹೇಳಲು ಮರೆಯುತ್ತಾರೆ. ಕೊಯ್ದ ಮೇಲೆ ರಕ್ತ ನಿಲ್ಲದಿದ್ದಾಗ ನೆನಪಾದರೆ ತಡವಾಯಿತು.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷ ಮೀರದ ಹಾಗೆ. ತುರ್ತಿನಲ್ಲಿ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿಗೆ ಅಲೆಯಬೇಕಾಗಿಲ್ಲ. ಆದರೆ ಅಡ್ಮಿಟ್ ಆಗುವಾಗಲೇ "ಆರೋಗ್ಯ ಮಿತ್ರ ಎಲ್ಲಿದ್ದಾರೆ?" ಅಂತ ಕೇಳಿ, ಈ ಯೋಜನೆಯ ಕೆಲಸಕ್ಕೆ ಆಸ್ಪತ್ರೆಯಲ್ಲಿ ಇರುವವರು ಅವರು. ಡಿಸ್ಚಾರ್ಜ್ ದಿನ ಕಾರ್ಡ್ ತೆಗೆದರೆ ಜಗಳವೇ. ಜೀವಕ್ಕೆ ಅಪಾಯವಿರುವ ರೋಗಿಯನ್ನು ಅಡ್ವಾನ್ಸ್ ಕಟ್ಟಿಲ್ಲ ಅಂತ ಖಾಸಗಿಯವರೂ ವಾಪಸ್ ಕಳಿಸುವ ಹಾಗಿಲ್ಲ, ಕಾನೂನಿದೆ. ಆಕ್ಸಿಡೆಂಟ್ ಆದವರಿಗೆ ಮೊದಲು ಚಿಕಿತ್ಸೆ, ಪೊಲೀಸ್ ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಇದನ್ನು ಕೂಗಿ ಹೇಳಬೇಡಿ. ಮೆಲ್ಲಗೆ ಹೇಳಿ, ಕೆಲಸ ಆಗುತ್ತದೆ.

ಐದು ಸಲ ಅದೇ ಪ್ರಶ್ನೆ

ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜುಗಳು ಜಾಸ್ತಿ. 1950ರ ದಶಕದಿಂದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ (ಕೆಎಂಸಿ) ಮಕ್ಕಳು ಕಲಿಯುವುದೇ ವೆನ್ಲಾಕ್, ಲೇಡಿಗೋಷನ್ ವಾರ್ಡುಗಳಲ್ಲಿ. ಹಾಗಾಗಿ ಮೊದಲು ಒಬ್ಬ ಹುಡುಗ ಬಂದು ಕೇಳುತ್ತಾನೆ, ಆಮೇಲೆ ಒಬ್ಬಳು ಹುಡುಗಿ, ಆಮೇಲೆ ಪೀಜಿ (ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಡಾಕ್ಟರು), ಆಮೇಲೆ ದೊಡ್ಡವರು. ಬೇಸರ ಮಾಡಬೇಡಿ. ಎರಡನೇ ಸಲ ಕೇಳಿದಾಗ ಹೊಸ ವಿಷಯ ನೆನಪಾಗುವುದುಂಟು. ಆ ಹುಡುಗಿ ದಿಲ್ಲಿಯವಳಿರಬಹುದು, ನಿಮ್ಮ ಅಮ್ಮನಿಗೆ ತುಳು ಬಿಟ್ಟರೆ ಬೇರೆ ಬರದೇ ಇರಬಹುದು. ನೀವು ನಡುವೆ ನಿಂತು ಹೇಳುವಾಗ ಅಮ್ಮ ಹೇಳಿದ್ದನ್ನೇ ಹೇಳಿ, ನಿಮ್ಮ ತೀರ್ಮಾನ ಸೇರಿಸಬೇಡಿ. ಅಮ್ಮ "ಎದೆ ಬಿಗಿಯುತ್ತೆ" ಅಂದರೆ ಮಗ "ಗ್ಯಾಸ್" ಅಂತ ಅನುವಾದ ಮಾಡಿದ್ದನ್ನು ನಾನೇ ಕೇಳಿದ್ದೇನೆ.

ಕುಡಿತದ ಪ್ರಶ್ನೆ ಬಂದಾಗ ಮನೆಯವರೆಲ್ಲ ಗೋಡೆ ನೋಡುತ್ತಾರೆ. "ಯಾವಾಗಾದ್ರೂ, ಸ್ವಲ್ಪ." ದಿನಾ ಕುಡಿಯುವವರಿಗೆ ಏಕಾಏಕಿ ನಿಂತರೆ ಎರಡನೇ ಮೂರನೇ ದಿನ ಕೈಕಾಲು ನಡುಕ ಬರುತ್ತದೆ, ಬೆವರುತ್ತಾರೆ, ಇಲ್ಲದ್ದನ್ನು ಕಾಣುತ್ತಾರೆ, ಡ್ರಿಪ್ ಕಿತ್ತು ಎದ್ದು ಹೊರಡುತ್ತಾರೆ. ಹೊಲಿಗೆ ಹಾಕಿದ ಹೊಟ್ಟೆ ಅದು! ಪಕ್ಕದ ಹಾಸಿಗೆಯವರು ಭೂತ ಹಿಡಿದಿದೆ ಅಂತ ಮಾತಾಡಿಕೊಳ್ಳುತ್ತಾರೆ. ಮೊದಲೇ ಗೊತ್ತಿದ್ದರೆ ಅದಕ್ಕೆ ಔಷಧಿ ಇದೆ. ಎಲ್ಲರ ಎದುರು ಹೇಳಲು ಆಗದಿದ್ದರೆ ನರ್ಸನ್ನು ಬದಿಗೆ ಕರೆದು ಹೇಳಿ. ಎಷ್ಟು, ಎಷ್ಟು ವರ್ಷದಿಂದ, ಕೊನೆಗೆ ಯಾವಾಗ. ನಾವು ಯಾರೂ ಊರಿಗೆ ಹೇಳಿಕೊಂಡು ಬರುವುದಿಲ್ಲ.

ಸಹಿ, ಕರಿಮಣಿ, ಉಡಿದಾರ

ಒಪ್ಪಿಗೆ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ, ಹಾಗಂತ ಒಂದು ಗಂಟೆ ಹಿಡಿದುಕೊಂಡೂ ಕೂರಬೇಡಿ. ಏನು ಮಾಡುತ್ತೀರಿ, ಮಾಡದಿದ್ದರೆ ಏನಾಗುತ್ತದೆ, ಸಣ್ಣ ತೂತಿನಿಂದ (ಲ್ಯಾಪರೋಸ್ಕೋಪಿ) ಮಾಡಲು ಆಗದಿದ್ದರೆ ಹೊಟ್ಟೆ ಕೊಯ್ಯುತ್ತೀರಾ, ಇಷ್ಟು ಕೇಳಿ. ಕನ್ನಡದಲ್ಲಿ ಹೇಳಿ ಅನ್ನಲು ನಾಚಿಕೆ ಬೇಡ. 18 ದಾಟಿದ, ಪ್ರಜ್ಞೆ ಇರುವ ರೋಗಿಯ ಸಹಿ ರೋಗಿಯದ್ದೇ. ಗಂಡ ದುಬೈಯಿಂದ ಫೋನ್ ಎತ್ತುವವರೆಗೆ ಕಾಯಬೇಕಾಗಿಲ್ಲ.

ಓಟಿಗೆ ಹೋಗುವ ಮುಂಚೆ ಮೈಮೇಲಿನ ಲೋಹವೆಲ್ಲ ತೆಗೆಯಬೇಕು. ಬಳೆ, ಮೂಗುಬೊಟ್ಟು, ಕಾಲುಂಗುರ, ಕರಿಮಣಿ. ರಕ್ತ ನಿಲ್ಲಿಸಲು ಕರೆಂಟಿನ ಯಂತ್ರ ಬಳಸುತ್ತಾರೆ, ಲೋಹವಿದ್ದ ಕಡೆ ಚರ್ಮ ಸುಡಬಹುದು. ಕರಿಮಣಿ ತೆಗೆಯಲು ಒಪ್ಪದವರು ಈಗಲೂ ಇದ್ದಾರೆ. ನಾನು ವಾದಕ್ಕೆ ಹೋಗುತ್ತಿರಲಿಲ್ಲ. "ನಿಮ್ಮ ಅಮ್ಮನ ಕೈಗೆ ನಾನೇ ಕೊಡುತ್ತೇನೆ, ವಾರ್ಡಿಗೆ ಬಂದ ಕೂಡಲೇ ಅವರೇ ಹಾಕುತ್ತಾರೆ" ಅನ್ನುತ್ತಿದ್ದೆ. ಒಪ್ಪುತ್ತಿದ್ದರು. ಮಕ್ಕಳ ಉಡಿದಾರ ಗಂಟು ಬಿಚ್ಚಲು ಬಾರದೆ ಕತ್ತರಿಸಿದಾಗ ಅಜ್ಜಿಯಂದಿರು ಕಣ್ಣೀರು ಹಾಕಿದ್ದಾರೆ. ಮನೆಯಲ್ಲೇ ಬಿಚ್ಚಿ ಬಂದರೆ ಒಳ್ಳೆಯದು. ಚಿನ್ನವನ್ನು ಇಬ್ಬರ ಎದುರು ಎಣಿಸಿ, ಕರವಸ್ತ್ರದಲ್ಲಿ ಕಟ್ಟಿ ಒಬ್ಬರೇ ಇಟ್ಟುಕೊಳ್ಳಿ. ಮೂರು ಕೈ ಬದಲಾದ ಬಳೆ ಸಿಗುವುದಿಲ್ಲ. ಹಲ್ಲಿನ ಸೆಟ್ ಇದ್ದರೆ ತೆಗೆಯಿರಿ. ಉಗುರಿನ ಬಣ್ಣ ಒರೆಸಿ, ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಕ್ಲಿಪ್ಪಿಗೆ ಅದು ಅಡ್ಡಿ.

ಬಾಗಿಲಾಚೆ

ಅಪೆಂಡಿಕ್ಸ್ ಆಪರೇಷನ್ ಸಾಮಾನ್ಯವಾಗಿ ಒಂದು ಗಂಟೆಯ ಆಚೀಚೆ. ಆದರೆ ಒಳಗೆ ಹೋಗಿ ಮಲಗಿಸಿ, ಅರಿವಳಿಕೆ ಕೊಟ್ಟು, ಮುಗಿದ ಮೇಲೆ ಎಚ್ಚರವಾಗುವವರೆಗೆ ಇಟ್ಟುಕೊಂಡು ಹೊರಗೆ ಬರುವಾಗ ಎರಡು ಮೂರು ಗಂಟೆ. ತಡವಾಯಿತು ಅಂತ ಹತ್ತು ನಿಮಿಷಕ್ಕೊಮ್ಮೆ ಬಾಗಿಲು ಬಡಿಯಬೇಡಿ. ಎಲ್ಲರೂ ಒಟ್ಟಿಗೆ ಚಾ ಕುಡಿಯಲೂ ಹೋಗಬೇಡಿ. ಒಳಗಿಂದ ಕರೆದಾಗ ಯಾರೂ ಇಲ್ಲದೆ ನಾನು ಮೆಟ್ಟಿಲಿನವರೆಗೆ ಬಂದು ಕೂಗಿದ್ದು ಎಷ್ಟು ಸಲವೋ.

ತೆಗೆದದ್ದನ್ನು ಟ್ರೇಯಲ್ಲಿ ತಂದು ತೋರಿಸುವುದುಂಟು. ಕಿರುಬೆರಳಿಗಿಂತ ಸಪೂರ, ಊದಿ ಕೆಂಪಾಗಿರುತ್ತದೆ. ತಲೆ ಸುತ್ತುವವರು ಮುಂದೆ ಬರಬೇಡಿ, ಗಟ್ಟಿ ಗುಂಡಿಗೆಯವರನ್ನು ಕಳಿಸಿ. ಫಾರ್ಮಲಿನ್ ಬಾಟಲಿಯಲ್ಲಿ ಹಾಕಿ ಪರೀಕ್ಷೆಗೆ ಕಳಿಸಿದರೆ ಅದರ ರಸೀದಿ ಜೋಪಾನ. ಅಪರೂಪಕ್ಕೆ ಅದರೊಳಗೆ ಬೇರೇನೋ ಗಡ್ಡೆ ಇರುವುದುಂಟು. ರಿಪೋರ್ಟು ಬರುವಷ್ಟರಲ್ಲಿ ರೋಗಿ ಮನೆಯಲ್ಲಿರುತ್ತಾನೆ, ಹೋಗಿ ತರುವವರೇ ಇಲ್ಲ.

ಕಾಯುವಾಗ ತಲೆ ಓಡುತ್ತದೆ, ಗೊತ್ತು. ನಾನು ಒಂದು ಕತೆ ಹೇಳುತ್ತಿದ್ದೆ. 1902ರಲ್ಲಿ ನಮ್ಮನ್ನೆಲ್ಲ ಆಳುತ್ತಿದ್ದ ಏಳನೇ ಎಡ್ವರ್ಡ್ ದೊರೆಗೆ ಪಟ್ಟಾಭಿಷೇಕಕ್ಕೆ ಎರಡು ದಿನ ಇರುವಾಗ ಇದೇ ಕಾಯಿಲೆ. ಪಟ್ಟಾಭಿಷೇಕ ಬಿಡುವುದಿಲ್ಲ ಅಂತ ಹಟ ಹಿಡಿದರು. ಟ್ರೀವ್ಸ್ ಅನ್ನುವ ಡಾಕ್ಟರು ಅರಮನೆಯಲ್ಲೇ ಟೇಬಲ್ ಹಾಕಿಸಿ ಕೀವು ತೆಗೆದರು. ಅಪೆಂಡಿಕ್ಸ್ ಅಲ್ಲೇ ಬಿಟ್ಟರು. ಪಟ್ಟಾಭಿಷೇಕ ಆಗಸ್ಟಿಗೆ ಹೋಯಿತು. ದೊರೆಗೇ ಅಷ್ಟು ಸಿಕ್ಕಿದ್ದು. ನಿಮ್ಮ ಮಗನಿಗೆ ಇಲ್ಲಿ ಅದಕ್ಕಿಂತ ಒಳ್ಳೆಯ ಓಟಿ ಇದೆ ಅಂದರೆ ಸ್ವಲ್ಪ ನಗುತ್ತಿದ್ದರು.

ವಾರ್ಡಿಗೆ ಬಂದ ಮೇಲೆ

ಹೊರಗೆ ಬಂದವರು ಗಡಗಡ ನಡುಗಿದರೆ ಗಾಬರಿಯಾಗಬೇಡಿ, ಅರಿವಳಿಕೆ ಇಳಿಯುವಾಗ ಆಗುತ್ತದೆ. ನರ್ಸಿಗೆ ಹೇಳಿ, ಹೊದಿಸಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಕಾಲಿಗೆ ಕೆಲವು ಗಂಟೆ ಸ್ಪರ್ಶ ಇರುವುದಿಲ್ಲ. ದಿಂಬು ಇಡಬಹುದೇ ಅಂತ ಕೇಳಿ ಇಡಿ. "ನೀರು, ನೀರು" ಅಂತ ಅಳುತ್ತಾರೆ. ಡಾಕ್ಟರು ಹೇಳುವವರೆಗೆ ಕೊಡಬೇಡಿ. ಚೀಟಿ ಇನ್ನೂ ಇದೆಯಲ್ಲ? ಎಷ್ಟು ಗಂಟೆಗೆ ಹೊರಗೆ ಬಂದರು, ಯಾವಾಗ ಮೂತ್ರ ಹೋಯಿತು, ನಳಿಗೆಯಲ್ಲಿ ಬಂದದ್ದರ ಬಣ್ಣ ಏನು, ಬರೆಯಿರಿ. ಸುಮಾರು 6 ಗಂಟೆ ಕಳೆದರೂ ಮೂತ್ರ ಹೋಗದಿದ್ದರೆ ಹೇಳಿ.

ಮರುದಿನ ಎಬ್ಬಿಸಿ ನಡೆಸುತ್ತಾರೆ. "ನಿನ್ನೆ ತಾನೇ ಕೊಯ್ದಿದ್ದು, ಪಾಪ" ಅಂತ ಅಡ್ಡ ನಿಲ್ಲಬೇಡಿ. ಮಲಗೇ ಇದ್ದರೆ ಕರುಳು ಏಳುವುದಿಲ್ಲ, ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಏಳುವ ಕ್ರಮ: ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಕೂತು, ಒಂದು ನಿಮಿಷ ಬಿಟ್ಟು ನಿಲ್ಲುವುದು. ಕೆಮ್ಮು ಬಂದರೆ ಬೈರಾಸು (ಟವೆಲ್) ಮಡಚಿ ಗಾಯದ ಮೇಲೆ ಒತ್ತಿ ಹಿಡಿದು ಕೆಮ್ಮಲಿ. ಗಾಳಿ ಹೋಯಿತೇ ಅಂತ ಡಾಕ್ಟರು ಕೇಳಿದಾಗ ವಾರ್ಡೆಲ್ಲ ನಗುತ್ತದೆ. ಅದು ಕರುಳು ಎಚ್ಚರವಾದ ಸುದ್ದಿ.

ಆಮೇಲೆ ಊಟ. ಮೊದಲು ಒಂದೊಂದು ಗುಟುಕು ನೀರು, ನಂತರ ಗಂಜಿ ತಿಳಿ. ನಮ್ಮ ಕಡೆ ಇದಕ್ಕೆ ಹೊರಗೆ ಹುಡುಕಬೇಕಾಗಿಲ್ಲ. ಕುಚ್ಚಲಕ್ಕಿ ಚೆನ್ನಾಗಿ ಬೇಯಿಸಿ ತಿಳಿ ಬಸಿದು, ಚಿಟಿಕೆ ಉಪ್ಪು ಹಾಕಿ, ಫ್ಲಾಸ್ಕಿನಲ್ಲಿ ತನ್ನಿ. ಉಪ್ಪಿನಕಾಯಿ ತರಬೇಡಿ. "ಬರೀ ನೆಕ್ಕೋದು" ಅಂತ ಅಡಗಿಸಿ ತರುವವರು ನನಗೆ ಗೊತ್ತು.

ನೋಡಲು ಬರುವವರದ್ದೇ ದೊಡ್ಡ ತಲೆನೋವು. ದ್ರಾಕ್ಷಿ, ಬ್ರೆಡ್, ಕಿತ್ತಳೆ, ಜೊತೆಗೆ ಮೂರು ಮಕ್ಕಳು. ಹಾಸಿಗೆ ಮೇಲೆ ಕೂರುತ್ತಾರೆ, ಬ್ಯಾಂಡೇಜ್ ಮುಟ್ಟಿ ನೋಡುತ್ತಾರೆ. ಕೈ ತೊಳೆದು ಬನ್ನಿ ಅಂದರೆ ಸಿಟ್ಟು. ಅವರಿಗೆ ಹೇಳಲು ಒಂದು ಲೆಕ್ಕ ಕೊಡುತ್ತೇನೆ. ಅರಿವಳಿಕೆಗೆ ಈಥರ್ ಬಂದದ್ದು 1846ರಲ್ಲಿ, ಕ್ಲೋರೊಫಾರ್ಮ್ 1847ರಲ್ಲಿ. ಅದರ ಮರುವರ್ಷ ವೆನ್ಲಾಕ್ ಶುರು. ಅಂದರೆ ಆ ಆಸ್ಪತ್ರೆಯ ಮೊದಲ ದಿನಗಳಲ್ಲೇ ನೋವಿಲ್ಲದೆ ಕೊಯ್ಯಬಹುದು ಅಂತ ಜಗತ್ತಿಗೆ ಗೊತ್ತಿತ್ತು. ಕೈ ತೊಳೆದರೆ ಬಾಣಂತಿಯರು ಸಾಯುವುದು ಕಡಿಮೆಯಾಗುತ್ತದೆ ಅಂತ ವಿಯೆನ್ನಾದ ಸೆಮ್ಮೆಲ್‌ವೈಸ್ ತೋರಿಸಿದ್ದೂ 1847ರಲ್ಲೇ. ಅವನ ಮಾತನ್ನು ಹೆಚ್ಚಿನ ಡಾಕ್ಟರರು ಕೇಳಲಿಲ್ಲ. ಬ್ರಿಟಿಷ್ ಸರ್ಜನ್ ಲಿಸ್ಟರ್ ಗಾಯಕ್ಕೆ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಆಸಿಡ್ ಹಾಕಿ ಕೀವು ತಡೆಯಬಹುದು ಅಂತ ಬರೆಯಲು 1867 ಬೇಕಾಯಿತು. ನಡುವಿನ 20 ವರ್ಷ ಎಷ್ಟೋ ಜನ ನೋವಿಲ್ಲದೆ ಕೊಯ್ಸಿಕೊಂಡು, ಆಮೇಲೆ ಕೀವಾಗಿ ಸತ್ತರು.

ನಾನು ಸೇರಿದಾಗಲೂ ಗ್ಲೌಸ್ ಬಿಸಾಡುತ್ತಿರಲಿಲ್ಲ. ರಾತ್ರಿ ಡ್ಯೂಟಿಯಲ್ಲಿ ತೊಳೆದು, ಬಾಯಿಂದ ದೂರ ಹಿಡಿದು ಗಾಳಿ ತುಂಬಿಸಿ ತೂತಿದೆಯಾ ನೋಡಿ, ಒಣಗಿಸಿ, ಪೌಡರ್ ಹಾಕಿ, ಜೋಡಿ ಮಡಚಿ ಡ್ರಮ್ಮಿಗೆ ತುಂಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಇಡುತ್ತಿದ್ದೆವು. ನಿದ್ದೆಯಲ್ಲೂ ಎಡ, ಬಲ ಎಣಿಸುತ್ತಿದ್ದೆ. ಅಷ್ಟೆಲ್ಲ ಮಾಡಿ ಉಳಿಸಿದ ಗಾಯವನ್ನು ಬಸ್ಸಿನ ಕಂಬಿ ಹಿಡಿದ ಕೈಯಲ್ಲಿ ನೀವು ಮುಟ್ಟಬೇಡಿ, ಅಷ್ಟೇ.

ಮನೆಗೆ

ಡಿಸ್ಚಾರ್ಜ್ ಕಾಗದದ ಫೋಟೋ ತೆಗೆದಿಟ್ಟುಕೊಳ್ಳಿ. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 7ರಿಂದ 10 ದಿನಕ್ಕೆ. ಗಾಯಕ್ಕೆ ಅರಿಶಿನ, ತೆಂಗಿನೆಣ್ಣೆ ಯಾವುದೂ ಬೇಡ. ಜ್ವರ, ಗಾಯದಿಂದ ಕೀವು, ಹೊಟ್ಟೆ ಉಬ್ಬರ, ನಿಲ್ಲದ ವಾಂತಿ, ಒಂದೇ ಕಾಲು ಊದಿ ನೋಯುವುದು, ಏಕಾಏಕಿ ಉಸಿರಾಡಲು ಕಷ್ಟ, ಇದರಲ್ಲಿ ಒಂದು ಕಂಡರೂ ಸೋಮವಾರದ ಓಪಿಡಿಗೆ ಕಾಯದೆ ಅದೇ ರಾತ್ರಿ ಹೋಗಿ. ಹೊಟ್ಟೆ ಕೊಯ್ದಿದ್ದರೆ ಒಂದು ಒಂದೂವರೆ ತಿಂಗಳು ಬಾವಿಯಿಂದ ನೀರು ಸೇದುವುದು, ತೆಂಗಿನಕಾಯಿ ಸುಲಿಯುವುದು, ಅಕ್ಕಿ ಮೂಟೆ ಎತ್ತುವುದು ಇಲ್ಲ. ತೂತಿನಿಂದ ಮಾಡಿದ್ದರೆ ಬೇಗ ಬಿಡುತ್ತಾರೆ, ಡಾಕ್ಟರನ್ನೇ ಕೇಳಿ.

ಆಟೋದಲ್ಲಿ ಹೋಗುವಾಗ ಒಂದು ದಿಂಬು ತನ್ನಿ. ಹೊಟ್ಟೆಗೆ ಒತ್ತಿ ಹಿಡಿದು ಕೂತರೆ ಗುಂಡಿಯಲ್ಲಿ ಕುಲುಕುವಾಗ ಹೊಲಿಗೆ ಎಳೆಯುವುದಿಲ್ಲ. ನಮ್ಮ ತಮ್ಮನನ್ನು 1971ರಲ್ಲಿ ಮನೆಗೆ ತಂದಾಗ ದಿಂಬು ಇರಲಿಲ್ಲ. ಅಜ್ಜಿ ದಾರಿಯುದ್ದಕ್ಕೂ ತಮ್ಮ ಎರಡೂ ಅಂಗೈ ಅವನ ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಔಡಲೆಣ್ಣೆಯ ಬಾಟಲಿಯನ್ನು ಅದೇ ದಿನ ಹಿತ್ತಲಿಗೆ ಎಸೆದರು ಅಂತ ಅಮ್ಮ ಹೇಳುತ್ತಿದ್ದರು. ನಾನು ನೋಡಿದ ಹಾಗೆ ಎಸೆದಿರಲಿಲ್ಲ. ತಲೆಗೆ ಹಚ್ಚಲು ಇಟ್ಟುಕೊಂಡಿದ್ದರು.